ಎಣ್ಣೆ ಕಾಣದ ಗುರಾಣಿ

ಅಥಣಿ ನಿಪ್ಪಾಣಿಗಳ ಕಡೆಯ ಚರ್ಮದ ಚಪ್ಪಲಿಯನ್ನು ಮೆಟ್ಟದವರು ನಮ್ಮ ಸೀಮೆಯಲ್ಲಿ ವಿರಳ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ತೊಗಲಿನ ಈ ಪಾದರಕ್ಷೆಯು ಕೊಲ್ಹಾಪುರದ ಹೆಸರಿನಿಂದ ದೇಶಾಂತರಗಳಲ್ಲಿ ಪ್ರಸಿದ್ಧವಾಗಿದೆ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ನಮ್ಮ ಬೆಳಗಾವಿಯನ್ನೊಳಗೊಂಡು ಕರ್ನಾಟಕದ 4 ಜಿಲ್ಲೆಗಳೂ ಪಾಲುಗೊಂಡವು. ಈ ಚಪ್ಪಲಿಗೆ ಒಂದು ಸ್ವಭಾವವುಂಟು. ಆಗಾಗ ಎಣ್ಣೆ ತಿಕ್ಕಿದರೆ ಬಹುಕಾಲ ಬಾಳುವದು. ಮೂಲೆಗೆ ಒಗೆದು ಮರೆತರೆ ಸೆಟೆದು ಬಿರಿದು, ಬೇಕಾದ ದಿನ ಕಾಲಿಗೆ ಒಗ್ಗದೆ ಹೋಗುವದು. ಈ ಸಣ್ಣ ಮಾತಿನಿಂದಲೇ ನಾವು ಈ ತಿಂಗಳು ಒಂದು ದೊಡ್ಡ ವಿಷಯಕ್ಕೆ ಹೊರಡುವೆವು. ಅದು ಗುರಾಣಿಯ ವಿಷಯ.

ಕ್ರೈಸ್ತರ ಬೈಬಲ್ ಗ್ರಂಥದಲ್ಲಿ ಗುರಾಣಿಯ ಮಾತು ಮೇಲಿಂದಮೇಲೆ ಬರುತ್ತದೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಮುಖ್ಯವಾಗಿ ಎರಡು ಹೆಸರುಗಳು. ಕೈಯಲ್ಲಿ ಹಗುರಾಗಿ ತಿರುಗಿಸಬಹುದಾದ ಚಿಕ್ಕದು ‘ಮಾಗೇನ್’. ಮೈಯನ್ನೆಲ್ಲ ಮರೆಮಾಡುವ ದೊಡ್ಡದು ‘ಸಿನ್ನಾ’. ಸಾಮಾನ್ಯ ಯೋಧನ ಗುರಾಣಿಯು ಕಟ್ಟಿಗೆಯ ಮೇಲೆ ತೊಗಲನ್ನು ಬಿಗಿದು ಮಾಡಿದ್ದು. ಆದುದರಿಂದ ಅದಕ್ಕೂ ಎಣ್ಣೆಯ ಉಪಚಾರ ಬೇಕಾಗಿತ್ತು. ಪ್ರವಾದಿಯಾದ ಯೆಶಾಯನು ಒಂದು ಚಿತ್ರವನ್ನು ಕೊಟ್ಟಿದ್ದಾನೆ. ಸರದಾರರು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತ ಕುಡಿಯುತ್ತಲಿದ್ದಾರೆ. ಅಷ್ಟರಲ್ಲಿ ಎದ್ದು ಗುರಾಣಿಗಳಿಗೆ ಎಣ್ಣೆ ಹಚ್ಚಿರೆಂಬ ಕೂಗು ಕೇಳಿಬರುತ್ತದೆ. ವೈರಿಯು ಬಾಗಿಲಿಗೆ ಬಂದ ಮೇಲೆ ಹಚ್ಚಿದ ಎಣ್ಣೆ ಒಣಗಿದ ತೊಗಲಿಗೆ ಎಷ್ಟು ಇಳಿದೀತು? ಗಿಲ್ಬೋವದ ಗುಡ್ಡದಲ್ಲಿ ಸೌಲರಾಜನು ಮಡಿದಾಗ ದಾವೀದನು ಹಾಡಿದ ಶೋಕಗೀತದಲ್ಲಿಯೂ ಎಣ್ಣೆ ಕಾಣದೆ ಬಿದ್ದ ರಾಜನ ಗುರಾಣಿಯ ಪ್ರಸ್ತಾಪವಿದೆ.

ಬಂಗಾರದ ಗುರಾಣಿಗಳ ಕಥೆ ಬೇರೆ. ಸೊಲೊಮೋನ ಅರಸನು ದೊಡ್ಡವು 200, ಚಿಕ್ಕವು 300 ಬಂಗಾರದ ಗುರಾಣಿಗಳನ್ನು ಮಾಡಿಸಿ ಅರಮನೆಯಲ್ಲಿಟ್ಟನು. ಅವು ಕಾಳಗಕ್ಕೆ ಹೋದವುಗಳಲ್ಲ, ವೈಭವಕ್ಕಾಗಿ ಇದ್ದವುಗಳು. ಮಗನಾದ ರೆಹಬ್ಬಾಮನ ಆಳಿಕೆಯ 5ನೆಯ ವರುಷದಲ್ಲಿ ಐಗುಪ್ತದ ಅರಸನಾದ ಶೀಶಕನು ಬಂದು ಅವೆಲ್ಲವನ್ನೂ ದೋಚಿಕೊಂಡು ಹೋದನು. ರೆಹಬ್ಬಾಮನು ಅವುಗಳಿಗೆ ಬದಲು ತಾಮ್ರದವುಗಳನ್ನು ಮಾಡಿಸಿದನು. ಅರಸನು ದೇವಾಲಯಕ್ಕೆ ಹೋಗುವಾಗ ಕಾವಲುಗಾರರು ಅವನ್ನು ಹಿಡಿದು ನಡೆಯುವರು. ತಿರುಗಿ ಬಂದ ಮೇಲೆ ಕಾವಲುಕೋಣೆಯಲ್ಲಿ ಇಡುವರು. ಒಳಗಿನ ಬಂಗಾರ ಹೋದರೂ ಹೊರಗಿನ ಮೆರವಣಿಗೆ ನಿಲ್ಲಲಿಲ್ಲ. ನಮ್ಮ ಮನೆಗಳಲ್ಲಿಯ ಎಷ್ಟು ಪೂಜೆ, ಎಷ್ಟು ಹಬ್ಬಗಳು ಈ ತಾಮ್ರದ ಗುರಾಣಿಗಳಂತೆ ಆಗಿರುವವೆಂಬದನ್ನು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ವಿಚಾರಿಸಿಕೊಳ್ಳಲಿ.

ಮುಂದೆ ಪೌಲನು ಸೆರೆಯಲ್ಲಿದ್ದುಕೊಂಡು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ನಂಬಿಕೆಯನ್ನೇ ಗುರಾಣಿಗೆ ಹೋಲಿಸಿದನು. ಅವನು ಬಳಸಿದ ಗ್ರೀಕ ಶಬ್ದವು ‘ಬಾಗಿಲು’ ಎಂಬ ಶಬ್ದದಿಂದ ಹುಟ್ಟಿದ್ದು. ರೋಮದ ಸಿಪಾಯಿಯ ಗುರಾಣಿ ಬಾಗಿಲಿನಂತೆಯೇ ಎತ್ತರವಾದದ್ದು. ಸಿರಿಯಾ ದೇಶದ ದುರಾ ಯುರೋಪಸ್ ಎಂಬ ಹಾಳೂರಿನಲ್ಲಿ ಸಿಕ್ಕ 3ನೆಯ ಶತಮಾನದ ಒಂದು ಗುರಾಣಿಯು ಈಗ ಅಮೇರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದರ ಎತ್ತರ ಸುಮಾರು 3½ ಅಡಿ; ತೆಳುವಾದ ಕಟ್ಟಿಗೆಯ ಪಟ್ಟಿಗಳನ್ನು ಅಡ್ಡಡ್ಡಲಾಗಿ ಅಂಟಿಸಿ, ಮೇಲೆ ತೊಗಲು ಹೊದಿಸಿ, ಬಣ್ಣದ ಚಿತ್ರ ಬರೆದದ್ದು. ಇಂಥ ಗುರಾಣಿಯನ್ನು ಹಿಡಿದವನು ಒಬ್ಬನೇ ನಿಲ್ಲುವದಿಲ್ಲ. ಒಬ್ಬನ ಅಂಚಿಗೆ ಇನ್ನೊಬ್ಬನ ಅಂಚು ಕೂಡಿದಾಗಲೇ ಅದು ಗೋಡೆಯಾಗುವದು.

ಈ ವಿಚಾರವು ನಮಗೆ ಪರಕೀಯವಾದದ್ದಲ್ಲ. ಗುರಾಣಿ, ಹರಿಗೆ, ಢಾಲು, ಖೇಟಕ ಎಂದು ಕನ್ನಡಿಗರು ಅದಕ್ಕೆ ಎಷ್ಟೋ ಹೆಸರಿಟ್ಟಿದ್ದಾರೆ. ಮಹಿಷಮರ್ದಿನಿಯ ಕೈಯಲ್ಲಿ ಅದಿದೆ. ಅನೇಕ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿಯೂ ಅದಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಊರ ದನಗಳಿಗಾಗಿ ಕಾದಾಡುವ ವೀರ. ನಡುವೆ ಅವನನ್ನು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಮೇಲಿನ ಪಟ್ಟಿಕೆಯಲ್ಲಿ ಅವನಿಗೆ ಗುರಾಣಿ ಬೇಕಿಲ್ಲ. ಇನ್ನು ಶರಣರ ಮಾರ್ಗದಲ್ಲಿ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಎಂಟಕ್ಕೆ ಅಷ್ಟಾವರಣವೆಂದು ಹೆಸರು. ಆವರಣವೆಂದರೆ ಸುತ್ತುಗಟ್ಟಿ ಕಾಯುವ ಹೊದಿಕೆ. ಇಷ್ಟಲಿಂಗವನ್ನು ಮೈಮೇಲೆ ಧರಿಸಿ ನಿತ್ಯವೂ ಅಂಗೈಯಲ್ಲಿಟ್ಟು ಪೂಜಿಸಬೇಕೆಂಬ ನಿಯಮದ ಮರ್ಮವೂ ಇದೇ ಆಗಿರಬೇಕು. ದಿನಾಲು ಮುಟ್ಟದ ರಕ್ಷೆಯು ರಕ್ಷೆಯಲ್ಲ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಅದನ್ನು ಮರೆಮಾಚುವದು ನಮಗೆ ಸಲ್ಲದು. ಆ ವೀರನ ಕೈಯಲ್ಲಿ ಗುರಾಣಿಯಿದ್ದರೂ ಅವನು ಸತ್ತನಲ್ಲವೇ? 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ದೂಧಗಂಗಾ ವೇದಗಂಗೆಯರೂ ದಡ ಮೀರಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗಳ ಹೊಳೆದಂಡೆಯ ಹಳ್ಳಿಗಳಲ್ಲಿ ಮನೆಗಳು ಬಿದ್ದವು. ಕಬ್ಬಿನ ಹೊಲಗಳು ಮುಳುಗಿದವು. ಬಿದ್ದ ಮನೆಗಳಲ್ಲಿ ದೇವರ ಜಗುಲಿಗಳಿರಲಿಲ್ಲವೇ? ಹಾಗಾದರೆ ನಂಬಿಕೆಯು ಕಾಯ್ದದ್ದು ಯಾವದನ್ನು?

ನಮಗೆ ತೋಚುವ ಉತ್ತರವಿದು. ಗುರಾಣಿಯು ಬಾಣವನ್ನು ಬರಗೊಡದಂತೆ ಮಾಡುವ ಸಾಧನವಲ್ಲ. ಬಾಣ ಬಂದಾಗ ಹಿಡಿದವನು ಬೆನ್ನು ತೋರದಂತೆ ಮಾಡುವ ಸಾಧನ. ವೀರನು ಸತ್ತನು, ಆದರೆ ದನಗಳನ್ನು ಬಿಟ್ಟು ಓಡಲಿಲ್ಲ. ಆದುದರಿಂದಲೇ ಊರವರು ಕಲ್ಲು ನಿಲ್ಲಿಸಿದರು. ಮಹಾಪೂರದ ಆ ದಿನಗಳಲ್ಲಿ ಶಾಲೆ, ಗುಡಿ, ಮಠ, ಬೀಗರ ಮನೆಗಳ ಬಾಗಿಲುಗಳು ತೆರೆದವು. ಎತ್ತರದ ಊರವರು ರೊಟ್ಟಿ ಬಡಿದು ಕಳಿಸಿದರು. ಕೊಳ್ಳುವವನ ಜಾತಿಯನ್ನು ಹಸಿವು ಕೇಳಲಿಲ್ಲ. ಅಂಚಿಗೆ ಅಂಚು ಕೂಡಿದ ಗುರಾಣಿಗಳೆಂದರೆ ಇವೇ ಅಲ್ಲವೇ? ನೀರು ಗೋಡೆಯನ್ನು ಕೆಡವಿತು. ಮನುಷ್ಯನು ಮನುಷ್ಯನಿಗೆ ಆಸರೆಯಾಗುವನೆಂಬ ಭರವಸೆಯನ್ನು ಕೆಡವಲಾರದೆ ಹೋಯಿತು.

ಆದರೆ ಇಂಥ ಭರವಸೆಯು ಆಪತ್ತಿನ ದಿನದಂದು ಒಮ್ಮೆಲೆ ಹುಟ್ಟುವದಿಲ್ಲ. ನೆರೆಯವರೊಡನೆ ಹನ್ನೆರಡು ತಿಂಗಳು ಮಾತು ಬಿಟ್ಟವನು ಹೊಳೆ ಬಂದ ರಾತ್ರಿ ಅವರ ಕದವನ್ನು ಹೇಗೆ ತಟ್ಟಬೇಕು? ಸಂಜೆಯ ದೀಪದ ಮುಂದೆ ಮಕ್ಕಳೊಡನೆ ಕುಳಿತ ಐದು ನಿಮಿಷ, ಮುನಿದ ತಮ್ಮನಿಗೆ ನಾವೇ ಮೊದಲು ಆಡಿದ ಒಂದು ಮಾತು, ಬಾಗಿಲಿಗೆ ಬಂದವರಿಗೆ ಕೊಟ್ಟ ನೀರು ಬೆಲ್ಲ, ಇವೇ ತೊಗಲಿಗೆ ತಿಕ್ಕುವ ಎಣ್ಣೆ. ಯಾವ ಧರ್ಮದವರ ಮನೆಯಾದರೂ ಸರಿಯೇ, ಕೆಲಸವೊಂದೇ. ತಾಯಂದಿರೂ ಯಜಮಾನರೂ ಇಂದಿನ ಸಂಜೆಯೇ ತಮ್ಮ ಮನೆಯ ಗುರಾಣಿಯನ್ನು ಮೂಲೆಯಿಂದ ತೆಗೆದು ನೋಡಲಿ. ಅದು ಬಿರಿದಿದ್ದರೆ ಹೆದರುವದು ಬೇಡ. ಹೊಳೆ ಇನ್ನೂ ದೂರವಿರುವಾಗಲೇ ಎಣ್ಣೆ ಹಚ್ಚಲಿ.