ನಾಲ್ಕು ತಿಂಗಳ ಕೆಲಸ, ಒಂದು ಪುಟದ ಅರ್ಜಿ



ಮಾನ್ವಿಯ ಪರಿಚಿತ ಮನೆತನದ ಮಗಳೊಬ್ಬಳು ತನ್ನ ಬಯೋಡಾಟಾವನ್ನು ತಿದ್ದಿಕೊಡಬೇಕೆಂದು ನಮ್ಮಲ್ಲಿಗೆ ಬಂದಿದ್ದಳು. ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಹಂಗಾಮಿನ ಮಟ್ಟಿಗೆ ಲೆಕ್ಕ ಬರೆಯುವ ಕೆಲಸವಿತ್ತು. ನಾಲ್ಕು ಪುಟಗಳ ಆ ಬರಹದಲ್ಲಿ ಹವ್ಯಾಸಗಳಿದ್ದವು, ಶಾಲೆಯ ಬಹುಮಾನಗಳಿದ್ದವು. ಆದರೆ ಎರಡು ಸುಗ್ಗಿಗಳಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕ ಬರೆದ ಸಂಗತಿಯೇ ಇರಲಿಲ್ಲ. ಏಕೆಂದು ಕೇಳಿದರೆ, “ಅದೇನು ನೌಕರಿ ಕಾಕಾ, ಸುಗ್ಗಿ ಮುಗಿದರೆ ಮುಗೀತು” ಎಂದಳು. ಕೆಲಸ ಕೊಡುವವರು ಹುಡುಕುವ ಸಾಲನ್ನೇ ಅವಳು ನಾಚಿಕೆಯಿಂದ ಮುಚ್ಚಿಟ್ಟಿದ್ದಳು.

ಕಾಯಕದಲ್ಲಿ ಕಿರಿದೆಂಬುದಿಲ್ಲವೆಂದು ನುಡಿಯುವ ನಾವೇ ಮಕ್ಕಳಲ್ಲಿ ಈ ನಾಚಿಕೆಯನ್ನು ಬೆಳೆಸಿದ್ದೇವೆ.

ತಾತ್ಕಾಲಿಕ ಕೆಲಸಕ್ಕೆ ಕರೆಯುವವರಿಗೆ ಕಲಿಸಲು ಸಮಯವಿರುವುದಿಲ್ಲ. ಆದುದರಿಂದ ಅರ್ಜಿಯು ಕೆಲವು ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಬೇಕು: ಯಾವ ಕೆಲಸಕ್ಕೆ, ಎಂದಿನಿಂದ ಎಂದಿನವರೆಗೆ, ಹಿಂದೆ ಇಂಥದನ್ನು ಮಾಡಿರುವಿರಾ, ವೇಳೆಗೆ ಸರಿಯಾಗಿ ಬರಬಲ್ಲಿರಾ? ನಾವು ಅವಳಿಗೆ ಬರೆಸಿದ್ದು ಇಷ್ಟೆ: “ಬಿ.ಕಾಂ. ಮುಗಿಸಿದ್ದೇನೆ. ಎರಡು ಸುಗ್ಗಿಗಳಲ್ಲಿ ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ ಹಾಗೂ ಆವಕದ ಲೆಕ್ಕ ಬರೆದಿದ್ದೇನೆ. ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಕೆಲಸ ಮಾಡಬಲ್ಲೆ. ರಾಯಚೂರಿನ ಸೋದರಮಾವನ ಮನೆಯಲ್ಲಿ ಉಳಿಯುವೆ.” ದೇವದುರ್ಗ, ಮಾನ್ವಿಗಳಿಂದ ಬಸ್ಸನ್ನು ನಂಬಿ ಬರುವವರಿಗೆ ಈ ಕಡೆಯ ಸಾಲು ಬಹು ಮುಖ್ಯ. ಬಯೋಡಾಟಾ ಒಂದು ಪುಟ ಸಾಕು. ಇತ್ತೀಚಿನ ಕೆಲಸ ಮೊದಲು ಬರಲಿ.

ಅತಿಥಿ ಶಿಕ್ಷಕರಾಗಬಯಸುವವರು ಬೋಧಿಸಬಲ್ಲ ವಿಷಯವನ್ನು ಮೊದಲ ಸಾಲಿನಲ್ಲಿಯೇ ತಿಳಿಸಿ, ಡಿ.ಇಡಿ. ಅಥವಾ ಬಿ.ಇಡಿ. ಅಂಕಪಟ್ಟಿಯ ಪ್ರತಿಯನ್ನು ಲಗತ್ತಿಸಬೇಕು. ಬೇರೆ ನೇಮಕಾತಿಯ ಫಲಿತಾಂಶಕ್ಕಾಗಿ ಕಾಯುತ್ತಿದ್ದರೆ ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ತಿಳಿಸುವುದು ಧರ್ಮ. ನಡುವೆ ಬಿಟ್ಟು ಹೋದರೆ ಪಾಠ ನಿಲ್ಲುವುದು ಬಡ ಮಕ್ಕಳದು.

ಪಾಲಕರಿಗೂ ಒಂದು ಮಾತು. “ಒಮ್ಮೆ ಒಳಗೆ ಸೇರಿದರೆ ಮುಂದೆ ಕಾಯಂ ಆಗುವುದು” ಎಂಬ ಭರವಸೆಯಿಂದ ಮಕ್ಕಳ ವರ್ಷಗಳನ್ನು ಕಳೆಯಬೇಡಿರಿ. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತು, ಸರ್ಕಾರದಲ್ಲಿ ತಾತ್ಕಾಲಿಕವಾಗಿ ದುಡಿದ ಮಾತ್ರಕ್ಕೆ ಕಾಯಂ ಹುದ್ದೆಯ ಹಕ್ಕು ಬರುವುದಿಲ್ಲವೆಂದು ಸ್ಪಷ್ಟಪಡಿಸಿತು. ಇಂಥ ಕೆಲಸದಿಂದ ಸಂಬಳದ ಹೊರತು ಕೈಯಲ್ಲಿ ಉಳಿಯುವುದು ಅನುಭವ ಮಾತ್ರ. ಅದಕ್ಕೂ ಪುರಾವೆ ಬೇಕು. ಕಡೆಯ ದಿನವೇ ಸೇವಾ ಪ್ರಮಾಣಪತ್ರವನ್ನು ವಿನಯದಿಂದ ಕೇಳಿ ಪಡೆಯಿರಿ. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಅದರಲ್ಲಿರಲಿ.

ಮಾಡದ ಕೆಲಸವನ್ನು ಬರೆಯುವುದು ಸುಳ್ಳು. ಮಾಡಿದ ಕೆಲಸವನ್ನು ನಾಚಿ ಮರೆಸುವುದು ತನ್ನ ದುಡಿಮೆಗೆ ತಾನೇ ಮಾಡುವ ಅನ್ಯಾಯ. ಇವೆರಡರಿಂದಲೂ ನಮ್ಮ ಮಕ್ಕಳು ದೂರವಿರಲಿ.