ದಾರಿ ಬಂದ್ ಮಾಡಿ, ಆದರೆ ಬೋರ್ಡು ಹಾಕಿ

ಮಳೆಗಾಲದಲ್ಲಿ ದೂಧಗಂಗಾ ತುಂಬಿ ಬಂದರೆ ನಮ್ಮ ಚಿಕ್ಕೋಡಿ ಭಾಗದ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಮಲಿಕವಾಡ–ದತ್ತವಾಡ ಸೇತುವೆ ನೀರಿನಡಿ ಹೋಯಿತೆಂದರೆ ಮಹಾರಾಷ್ಟ್ರಕ್ಕೆ ಹೋಗುವ ಒಂದು ದಾರಿ ಬಂದ್. ಬ್ಯಾರಿಕೇಡ್ ಬೀಳುತ್ತದೆ, ಪೇಪರಿನಲ್ಲಿ ಸುದ್ದಿ ಬರುತ್ತದೆ, ಜನ ಸುತ್ತು ಹಾಕಿಕೊಂಡು ಹೋಗುತ್ತಾರೆ. ದಾರಿ ಬಂದ್ ಮಾಡಿದ್ದಕ್ಕೆ ಯಾರೂ ಬೈಯುವುದಿಲ್ಲ. ಆದರೆ ಬ್ಯಾರಿಕೇಡೂ ಇಲ್ಲ, ಬೋರ್ಡೂ ಇಲ್ಲ ಎಂದರೆ ಕತ್ತಲಲ್ಲಿ ಗಾಡಿ ಹೊಡೆದುಕೊಂಡು ಬಂದವನ ಗತಿ ಏನು? ಕಳೆದ ಸೆಮಿಸ್ಟರಿನಲ್ಲಿ ನನ್ನ ಇ-ಮೇಲ್‌ಗಳಿಗೆ ಆದದ್ದು ಅದೇ.

ನಾನು ಏಕಸಂಬಿಯವನು, ಬಿಇ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಊರಲ್ಲಿ ಕೆಲಸ ಹುಡುಕುತ್ತಿರುವ ನಲವತ್ತು ಜನರ ಒಂದು ಗುಂಪಿದೆ. ಮೊದಲು ನೇಮಕಾತಿ ಸೂಚನೆಗಳನ್ನು ವಾಟ್ಸಾಪ್‌ನಲ್ಲಿ ಹಾಕುತ್ತಿದ್ದೆವು. ಅಲ್ಲಿ ಶುಭೋದಯದ ಹೂಗಳು, ಹುಟ್ಟುಹಬ್ಬದ ಕೇಕುಗಳ ನಡುವೆ ಕೊನೆಯ ದಿನಾಂಕ ಕಳೆದುಹೋಗುತ್ತಿತ್ತು. ಹಾಗಾಗಿ ಮನೆಯ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್, ಪೋಸ್ಟ್‌ಫಿಕ್ಸ್ ಹಾಕಿ ನಾನೇ ಒಂದು ಮೇಲ್ ಸರ್ವರ್ ಕಟ್ಟಿದೆ. ಬ್ರಾಡ್‌ಬ್ಯಾಂಡ್ ಕಂಪನಿಗೆ ಹೆಚ್ಚಿಗೆ ಹಣ ಕೊಟ್ಟು ಸ್ಥಿರ ಐಪಿ ವಿಳಾಸವನ್ನೂ ಪಡೆದಿದ್ದೆ. ನಾಲ್ಕು ತಿಂಗಳು ಎಲ್ಲ ಸರಿಯಾಗಿ ನಡೆಯಿತು.

ಒಂದು ಸೋಮವಾರ ಹಾಸ್ಟೆಲ್‌ನಿಂದಲೇ ಒಂದು ಸೂಚನೆ ಕಳಿಸಿದೆ. ಗುತ್ತಿಗೆ ಆಧಾರದ ಲ್ಯಾಬ್ ಟೆಕ್ನಿಷಿಯನ್ ಹುದ್ದೆ, ಅರ್ಜಿಗೆ ಶುಕ್ರವಾರ ಕೊನೆಯ ದಿನ. ನನಗೆ ಇಂಟರ್ನಲ್ಸ್ ನಡೆದಿತ್ತು, ಕಳಿಸಿ ಮರೆತೆ. ಶನಿವಾರ ನಲವತ್ತೂ ಮೇಲ್‌ಗಳು ಹಾಗೇ ವಾಪಸ್ ಬಂದವು. ಕಾರಣ ಒಂದೇ ಸಾಲು: ಕನೆಕ್ಷನ್ ಟೈಮ್ಡ್ ಔಟ್. ನಮ್ಮ ಪಕ್ಕದ ಓಣಿಯ ಅಕ್ಕ ಡಿಎಂಎಲ್‌ಟಿ ಮುಗಿಸಿ ಎರಡು ವರ್ಷದಿಂದ ಇಂಥದ್ದೇ ಹುದ್ದೆಗಾಗಿ ಕಾದಿದ್ದರು. ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರ್ಲಿ ಬಿಡೋ ತಮ್ಮಾ, ಮುಂದಿನ ಸಲ ನೋಡೂಣು” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. “ಯೂಟ್ಯೂಬ್ ಓಡತೈತೇನ್ರಿ? ಓಡತೈತಿ ಅಂದ್ರ ನೆಟ್ ಚಲೋ ಐತ್ರಿ” ಎಂಬ ಉತ್ತರ ಬಂತು. ಮೂರನೇ ಸಲ ಮಾತಾಡಿದಾಗ ಒಬ್ಬ ಎಂಜಿನಿಯರ್ ಸಿಕ್ಕು ನಿಜ ಹೇಳಿದರು. ಹೊರಹೋಗುವ ಪೋರ್ಟ್ 25 ಅನ್ನು ಆ ವಾರ ಎಲ್ಲ ಗ್ರಾಹಕರಿಗೂ ಮುಚ್ಚಿದ್ದರು. ಒಂದು ಎಸ್‌ಎಂಎಸ್ ಕೂಡ ಯಾರಿಗೂ ಹೋಗಿರಲಿಲ್ಲ.

ಪೋರ್ಟ್ ಎಂದರೆ ಕಂಪ್ಯೂಟರಿನ ನಂಬರ್ ಹಚ್ಚಿದ ಬಾಗಿಲು. ಒಂದು ಮೇಲ್ ಸರ್ವರ್ ಇನ್ನೊಂದಕ್ಕೆ ಪತ್ರ ಮುಟ್ಟಿಸುವ ಬಾಗಿಲಿನ ನಂಬರ್ 25. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮಾವಳಿ ನಂಬಿಕೆಯ ಕಾಲದ್ದು. ಬಾಗಿಲು ಬಡಿದವರು ಯಾರೆಂದು ಅದು ಕೇಳುತ್ತಿರಲಿಲ್ಲ. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವೇ, ಬಹುತೇಕ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳವು. ಇಂದು ವೈರಸ್ ಹೊಕ್ಕ ಮನೆಯ ಕಂಪ್ಯೂಟರ್, ಪಾಸ್‌ವರ್ಡ್ ಬದಲಿಸದ ರೌಟರ್ ಕೂಡ ಮಾಲೀಕನಿಗೆ ಗೊತ್ತಿಲ್ಲದಂತೆ ಅದೇ ಬಾಗಿಲಿನಿಂದ ಸಾವಿರಾರು ಸ್ಪ್ಯಾಮ್ ಕಳಿಸಬಲ್ಲದು. ಇಂಥ ಯಂತ್ರಗಳ ಹಿಂಡಿಗೆ ಬಾಟ್‌ನೆಟ್ ಎನ್ನುತ್ತಾರೆ. 2008ರ ನವೆಂಬರಿನಲ್ಲಿ ಅಮೆರಿಕದ ಮೆಕೊಲೊ ಎಂಬ ಒಂದೇ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ, ಅಲ್ಲಿಂದ ಆಜ್ಞೆ ಪಡೆಯುತ್ತಿದ್ದ ಬಾಟ್‌ನೆಟ್‌ಗಳು ಮೂಕವಾಗಿ ಜಗತ್ತಿನ ಸ್ಪ್ಯಾಮ್ ಕೆಲ ದಿನ ಭಾರೀ ಪ್ರಮಾಣದಲ್ಲಿ ಕುಸಿದಿತ್ತು.

ಕಂಪನಿಗಳಿಗೆ ಇನ್ನೊಂದು ಭಯವೂ ಇದೆ. ಐಪಿವಿ4 ಪದ್ಧತಿಯಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಹೀಗಾಗಿ ಅನೇಕ ಕಂಪನಿಗಳು ಹತ್ತಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಅದರಲ್ಲಿ ಒಂದು ಮನೆಯಿಂದ ಸ್ಪ್ಯಾಮ್ ಹೊರಟರೂ ಇಡೀ ವಿಳಾಸ ಕಪ್ಪುಪಟ್ಟಿಗೆ ಬೀಳುತ್ತದೆ. ಅಂದರೆ ಬಾಗಿಲು ಮುಚ್ಚುವುದಕ್ಕೆ ಗಟ್ಟಿ ಕಾರಣವಿದೆ. ಇದನ್ನು ನಾನು ಸಿಟ್ಟಿನಲ್ಲಿದ್ದಾಗ ಒಪ್ಪಿರಲಿಲ್ಲ, ಈಗ ಒಪ್ಪುತ್ತೇನೆ.

ಸಾಮಾನ್ಯ ಬಳಕೆದಾರನಿಗೆ ಬೇರೆ ದಾರಿಯೂ ಉಂಟು. ಅದು 1998ರಲ್ಲಿ ಗೊತ್ತುಮಾಡಿದ ಪೋರ್ಟ್ 587. ಇಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ತೋರಿಸಿ ನಮ್ಮ ಮೇಲ್ ಸಂಸ್ಥೆಯ ಕೈಗೆ ಪತ್ರ ಕೊಡುತ್ತೇವೆ. ಮುಂದೆ ಮುಟ್ಟಿಸುವುದು ಅವರ ಹೊಣೆ. ಸ್ಪ್ಯಾಮ್ ಕಳಿಸುವ ದೇಶಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿದ್ದ ಬ್ರೆಜಿಲ್ ಇದನ್ನೇ ಮಾಡಿತು. ಮೊದಲು ಜನರನ್ನು 587ಕ್ಕೆ ಸಾಗಿಸಿ, ನಂತರ 2012–13ರ ಹೊತ್ತಿಗೆ ಮನೆ ಸಂಪರ್ಕಗಳ ಪೋರ್ಟ್ 25 ಮುಚ್ಚಿತು. ಪಟ್ಟಿಯಲ್ಲಿ ಬಹಳ ಕೆಳಗೆ ಇಳಿಯಿತು. ಮೊದಲು ಸುತ್ತುದಾರಿ ತೋರಿಸು, ಆಮೇಲೆ ಸೇತುವೆ ಮುಚ್ಚು ಎಂಬ ಕ್ರಮ ಅದು.

ನನ್ನ ತಕರಾರು ಇರುವುದು ಮೌನದ ಬಗ್ಗೆ. ಅಮೆರಿಕದ ಕಾಮ್‌ಕಾಸ್ಟ್ ತಾನು ಮುಚ್ಚಿದ ಪೋರ್ಟ್‌ಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಗೂಗಲ್ ಕ್ಲೌಡ್ ತನ್ನ ಕೈಪಿಡಿಯಲ್ಲೇ ಈ ನಿರ್ಬಂಧವನ್ನು ಬರೆದಿದೆ. ಅಮೆಜಾನ್ ಕ್ಲೌಡ್‌ನಲ್ಲಿ ನಿರ್ಬಂಧ ತೆಗೆಸಲು ಒಂದು ಕೋರಿಕೆ ಅರ್ಜಿ ಇದೆ. ನಮ್ಮ ದೇಶದಲ್ಲೂ ನಿಯಮವಿಲ್ಲದೆ ಇಲ್ಲ. ಟ್ರಾಯ್ 2017ರ ನವೆಂಬರಿನಲ್ಲಿ ಮಾಡಿದ ನೆಟ್ ನ್ಯೂಟ್ರಾಲಿಟಿ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿ, ಅದೇ ವರ್ಷ ಲೈಸೆನ್ಸ್ ಷರತ್ತುಗಳಲ್ಲಿ ಸೇರಿಸಿತು. ಅದರ ಪ್ರಕಾರ ಕಂಪನಿಗಳು ಸಂಚಾರ ನಿರ್ವಹಣೆಗಾಗಿ ಕ್ರಮ ಕೈಗೊಳ್ಳಬಹುದು, ಆದರೆ ಆ ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ಜಾಲದ ಭದ್ರತೆಗಾಗಿ ಸರ್ಕಾರ ಸೂಚಿಸುವ ಕ್ರಮಗಳಿಗೆ ವಿನಾಯಿತಿಯೂ ಉಂಟು. ಪೋರ್ಟ್ 25 ಒಮ್ಮೆ ಮುಚ್ಚಿದರೆ ಸಾಮಾನ್ಯವಾಗಿ ಕಾಯಂ ಮುಚ್ಚಿದಂತೆಯೇ. ತಾತ್ಕಾಲಿಕ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ಹಾಗಾದರೆ ಪಾರದರ್ಶಕ ಎಂಬ ಮಾತಾದರೂ ಉಳಿಯಬೇಕಲ್ಲವೇ? ಬಿಲ್ ಕಟ್ಟುವ ದಿನಕ್ಕೆ ಮೂರು ಎಸ್‌ಎಂಎಸ್ ಕಳಿಸುವವರಿಗೆ ಇದಕ್ಕೊಂದು ಕಳಿಸುವುದು ಭಾರವೇ?

“ಮನೆಯಲ್ಲಿ ಮೇಲ್ ಸರ್ವರ್ ಯಾಕೆ ಬೇಕಿತ್ತು, ಜಿಮೇಲ್ ಸಾಲದೇ?” ಎಂದು ಗೆಳೆಯರು ಕೇಳಿದರು. ಐದನೇ ಸೆಮಿಸ್ಟರಿನ ಕಂಪ್ಯೂಟರ್ ನೆಟ್‌ವರ್ಕ್ ಪತ್ರಿಕೆಯಲ್ಲಿ ಎಸ್‌ಎಂಟಿಪಿ ಬಗ್ಗೆ ನಾವೆಲ್ಲ ಪುಟ ತುಂಬಿಸುತ್ತೇವೆ. ಕೈಯಾರೆ ಒಂದು ಸರ್ವರ್ ನಡೆಸಿದವರು ಎಷ್ಟು ಜನ? ಸಂದರ್ಶನದಲ್ಲಿ ಕೇಳುವುದು ನೀನು ಏನು ಮಾಡಿದ್ದೀಯ ಎಂದು. ನಗರದಲ್ಲಿದ್ದವರಿಗೆ ಲ್ಯಾಬ್, ಇಂಟರ್ನ್‌ಶಿಪ್ ಸಿಗುತ್ತವೆ. ಊರಲ್ಲಿದ್ದವರಿಗೆ ಮನೆಯ ಬ್ರಾಡ್‌ಬ್ಯಾಂಡೇ ಲ್ಯಾಬ್. ಅದರಿಂದ ಬರೀ ಸಿನಿಮಾ ನೋಡಬೇಕು, ಏನನ್ನೂ ಕಟ್ಟಬಾರದು ಎಂದಾದರೆ ನಾವು ಬರೀ ಗ್ರಾಹಕರಾಗಿಯೇ ಉಳಿಯುತ್ತೇವೆ.

ನನ್ನ ತಪ್ಪನ್ನೂ ಹೇಳಲೇಬೇಕು. ಪೋಸ್ಟ್‌ಫಿಕ್ಸ್ ತಲುಪದ ಮೇಲನ್ನು ಐದು ದಿನ ಸರತಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ತಡವಾಗುತ್ತಿದೆ ಎಂಬ ಎಚ್ಚರಿಕೆ ನಾವಾಗಿ ಚಾಲೂ ಮಾಡದಿದ್ದರೆ ಬರುವುದಿಲ್ಲ. ನಾನು ಮಾಡಿರಲಿಲ್ಲ. ನಲವತ್ತು ಜನ ನಂಬಿದ ವ್ಯವಸ್ಥೆಯನ್ನು ಕಳಿಸಿ ಮರೆಯುವುದು ಕಂಪನಿಯ ಮೌನಕ್ಕಿಂತ ಕಡಿಮೆ ತಪ್ಪೇನಲ್ಲ.

ಇಂಥ ಪ್ರಯೋಗ ಮಾಡುವ ಗೆಳೆಯರಿಗೆ ನಾಲ್ಕು ಮಾತು. ಸಂಪರ್ಕ ತೆಗೆದುಕೊಳ್ಳುವ ಮೊದಲೇ ಯಾವ ಪೋರ್ಟ್ ಮುಚ್ಚಿದೆ, ಕೇಳಿದರೆ ತೆರೆಯುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಮೇಲ್ ನಿಂತರೆ ಟೆಲ್ನೆಟ್‌ನಿಂದ ಹೊರಗಿನ ಸರ್ವರಿನ 25 ಮತ್ತು 587 ಎರಡನ್ನೂ ಬಡಿದು ನೋಡಿ. ಒಂದು ಟೈಮ್ ಔಟ್ ಆಗಿ ಇನ್ನೊಂದು ಉತ್ತರಿಸಿದರೆ, ನಡುವೆ ಯಾರೋ ಬಾಗಿಲು ಹಾಕಿರುವ ಸಾಧ್ಯತೆಯೇ ಹೆಚ್ಚು. ದೂರು ಕೊಟ್ಟಾಗ ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ಕೊನೆಯದಾಗಿ, ಇನ್ನೊಬ್ಬರ ಕೆಲಸ ನಿಂತಿರುವ ಸಂದೇಶವನ್ನು ಒಂದೇ ದಾರಿಗೆ ಒಪ್ಪಿಸಬೇಡಿ.

ನಮ್ಮ ಸೂಚನೆಗಳು ಈಗ 587ರ ಮೂಲಕ ಒಂದು ಮೇಲ್ ಸೇವೆಯ ಕೈಗೆ ಹೋಗಿ, ಅಲ್ಲಿಂದ ಜನರಿಗೆ ತಲುಪುತ್ತಿವೆ. ಕಂಪನಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ನಾನು ಅದರಲ್ಲಿ ಪೋರ್ಟ್ ತೆರೆಯಿರಿ ಎಂದು ಕೇಳಿಲ್ಲ, ಮುಚ್ಚಿದ್ದನ್ನು ಎಲ್ಲ ಗ್ರಾಹಕರಿಗೂ ತಿಳಿಸಿ ಎಂದಷ್ಟೇ ಕೇಳಿದ್ದೇನೆ. ಕಳೆದ ವಾರ ಇನ್ನೊಂದು ಲ್ಯಾಬ್ ಟೆಕ್ನಿಷಿಯನ್ ಹುದ್ದೆಯ ಸೂಚನೆ ಕಳಿಸಿ, ಅಕ್ಕನಿಗೆ ಫೋನನ್ನೂ ಮಾಡಿದೆ. “ಬಂದೈತೋ ತಮ್ಮಾ, ಅರ್ಜಿನೂ ಹಾಕೇನಿ” ಅಂದರು.