ಪತ್ರಿಕೆಯ ಒಡೆಯ ಯಾರು?

ಕೊಟ್ಟೂರಿನ ಚಹಾದಂಗಡಿಯಲ್ಲಿ ಒಂದೇ ಪತ್ರಿಕೆಯನ್ನು ಹತ್ತು ಜನ ಓದುತ್ತಾರೆ. ಮೊನ್ನೆ ಎಣ್ಣೆ ಮಿಲ್ಲಿನ ಕಾರ್ಮಿಕನೊಬ್ಬನು ಹಾಳೆಗಳನ್ನೆಲ್ಲ ತಿರುವಿ, "ಮೇಷ್ಟ್ರೇ, ಇದ್ರಾಗ ನಮ್ಮ ಸುದ್ದಿ ಎಲ್ಲೈತ್ರಿ?" ಎಂದು ಕೇಳಿದನು. ಮುಖಪುಟದ ತುಂಬ ಚಿನ್ನದಂಗಡಿಯ ಜಾಹೀರಾತು, ಒಳಗೆ ಮಂತ್ರಿಗಳ ಭಾಷಣ. ಮಿಲ್ಲಿನ ಕೂಲಿ, ಶೇಂಗಾ ತೂಕದ ಮೋಸ, ಸಂತೆಯ ಸುಂಕ ಇವುಗಳಿಗೆ ಜಾಗವಿರಲಿಲ್ಲ. ಇದು ಸಂಪಾದಕರ ಮರೆವಲ್ಲ, ಒಡೆತನದ ಫಲ.

ಸಣ್ಣ ವ್ಯಾಪಾರಿಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಗಟು ಸಾಹುಕಾರನು ಎರಡು ವರ್ಷ ನಷ್ಟಕ್ಕೆ ಮಾರಿ ಪಕ್ಕದ ಕಿರಾಣಿ ಅಂಗಡಿಯನ್ನು ಮುಚ್ಚಿಸುತ್ತಾನೆ. ಹಾಗೆಯೇ ಬೇರೆ ಉದ್ಯಮದ ಲಾಭವುಳ್ಳವನು ಪತ್ರಿಕೆಯನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರಬಲ್ಲನು. ಕೊರತೆಯನ್ನು ಜಾಹೀರಾತು ತುಂಬುತ್ತದೆ. ಆಗ ನಿಜವಾದ ಗಿರಾಕಿ ಜಾಹೀರಾತುದಾರನೇ. ಓದುಗನು ಬರಿಯ ಸರಕು.

ನಮ್ಮ ನಾಡಿನಲ್ಲೇ ನೋಡಿರಿ. ಲಾರಿ ಉದ್ಯಮಿ ವಿಜಯ ಸಂಕೇಶ್ವರರು 1999ರಲ್ಲಿ ಹುಟ್ಟುಹಾಕಿದ 'ವಿಜಯ ಕರ್ನಾಟಕ'ವನ್ನು 2006ರಲ್ಲಿ ಟೈಮ್ಸ್ ಸಂಸ್ಥೆ ಕೊಂಡಿತು. 2007ರಲ್ಲಿ ಕಸ್ತೂರಿ ವಾಹಿನಿ ಆರಂಭವಾದಾಗ ಅದು ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಕುಟುಂಬದ್ದು. ಬಳ್ಳಾರಿಯ ಗಣಿ ಧಣಿಗಳ ಬಳಗ 'ಜನಶ್ರೀ' ಎಂಬ ಸುದ್ದಿ ವಾಹಿನಿಯನ್ನೇ ತೆರೆಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಗಣಿಯೂ ಧಣಿಯದೇ, ಗಣಿಯ ಸುದ್ದಿಯೂ ಧಣಿಯದೇ ಆದರೆ ಜನ ಯಾರನ್ನು ನಂಬಬೇಕು? 2022ರಲ್ಲಿ ದೆಹಲಿಯ ಎನ್.ಡಿ.ಟಿ.ವಿ. ಅದಾನಿಯವರ ಕೈಸೇರಿತು. ಊರು ಬೇರೆ, ಕಥೆ ಒಂದೇ.

ಇದಕ್ಕೆ ಕಡಿವಾಣ ಹಾಕುವ ಯತ್ನ ಹಳೆಯದು. ಮೊದಲನೆಯ ಪತ್ರಿಕಾ ಆಯೋಗದ ಸಲಹೆಯಂತೆ 1956ರಲ್ಲಿ ಬೆಲೆಗೆ ತಕ್ಕಷ್ಟೇ ಪುಟ ಎಂಬ ಕಾಯಿದೆ ಬಂದಿತು. ಪುಣೆಯ 'ಸಕಾಳ' ಪತ್ರಿಕೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ರದ್ದುಮಾಡಿತು. ಪುಟಗಳನ್ನು ಸರ್ಕಾರ ಎಣಿಸಬಾರದೆಂಬ ಮಾತಿನಲ್ಲಿ ಹುರುಳಿದೆ, ನಾವೂ ಒಪ್ಪುತ್ತೇವೆ. ಆದರೆ ಒಡೆತನಕ್ಕೆ ಮಿತಿ ಹಾಕುವುದು ಬರವಣಿಗೆಗೆ ಮಿತಿ ಹಾಕಿದಂತಲ್ಲ. ರಾಜಕೀಯ ಪಕ್ಷಗಳನ್ನು ಸುದ್ದಿ ಮಾಧ್ಯಮದ ಒಡೆತನದಿಂದ ದೂರವಿಡಬೇಕು, ದೊಡ್ಡ ಉದ್ಯಮಗಳಿಗೂ ಮಿತಿಯಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ 2014ರಲ್ಲಿ ಶಿಫಾರಸು ಮಾಡಿತು.

"ನಿಮ್ಮ ವಾರಪತ್ರಿಕೆಯೂ ಪಕ್ಷದ್ದೇ ಅಲ್ಲವೇ?" ಎಂದು ನೀವು ಕೇಳಬಹುದು. ಹೌದು. ಅದನ್ನು ನಾವು ತಲೆಬರಹದಲ್ಲೇ ಅಚ್ಚುಹಾಕುತ್ತೇವೆ. ಪ್ರತಿಯೊಬ್ಬ ಒಡೆಯನೂ ತನ್ನ ಇತರ ಉದ್ಯಮಗಳನ್ನೂ ಸಾಲಗಳನ್ನೂ ಹಾಗೆಯೇ ಅಚ್ಚುಹಾಕಲಿ ಎಂಬುದು ನಮ್ಮ ಬೇಡಿಕೆ.

ಓದುಗರ ಕಾಸಿನಿಂದಲೇ ಪತ್ರಿಕೆ ಬದುಕಬಲ್ಲುದೆಂಬುದನ್ನು 1980ರಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ' ಜಾಹೀರಾತಿಲ್ಲದೆ ತೋರಿಸಿತು. ಮಿಲ್ಲಿನ ಗೆಳೆಯರೇ, ಅಂಗಡಿಯ ಅಣ್ಣಂದಿರೇ, ನಾಳೆ ಪತ್ರಿಕೆ ಕೈಗೆ ಬಂದಾಗ ಮೊದಲು ಕೊನೆಯ ಪುಟದ ತಳದ ಸಣ್ಣ ಅಕ್ಷರದ ಸಾಲನ್ನು ಓದಿರಿ. ಮಾಲೀಕರ ಹೆಸರು ಅಲ್ಲಿರುತ್ತದೆ. ಮುಖಪುಟದಲ್ಲಿ ಯಾವುದು ಏಕಿಲ್ಲವೆಂಬುದು ಆಮೇಲೆ ತಾನೇ ತಿಳಿಯುತ್ತದೆ.